ನೆರಳು ಕಲ್ಲು ಮುಟ್ಟುವವರೆಗೆ

ಹೋದ ತಿಂಗಳು ನನ್ನನ್ನು ಒಂದು ಸಭೆಗೆ ಕರೆದಿದ್ದರು. ಮಕ್ಕಳು ಕಳ್ಳತನಕ್ಕೆ ಯಾಕೆ ಇಳಿಯುತ್ತಾರೆ, ತಡೆಯುವುದು ಹೇಗೆ ಎನ್ನುವುದು ವಿಷಯ. ಮೂವತ್ತು ವರ್ಷ ಸರ್ಕಾರದ ಬಾಲಕರ ಗೃಹ ನೋಡಿಕೊಂಡ ಮುದುಕ, ಏನಾದರೂ ನಾಲ್ಕು ಮಾತು ಆಡುತ್ತಾನೆ ಎಂದು ಅವರ ಆಸೆ. ನನಗಿಂತ ಮುಂಚಿನ ಮೂವರು ಒಂದೊಂದು ಗಂಟೆ ತಿಂದರು. ಅಷ್ಟು ಹೊತ್ತಿನಲ್ಲಿ 'ಹುಡುಗ' ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರೀ ಅಂಶಗಳು, ಹಿನ್ನೆಲೆಗಳು, ಧೋರಣೆಗಳು. ನನ್ನ ಸರದಿ ಬರುವ ಹೊತ್ತಿಗೆ ಅರ್ಧ ಜನ ಊಟದ ಕಡೆ ನೋಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಎದ್ದು, "ಸಾರ್, ಈ ಮಕ್ಕಳ ಜೊತೆ ಹೇಗೆ ನಡಕೋಬೇಕು ಅಂತ ನೀವು ಎಲ್ಲಿ ಕಲಿತಿರಿ?" ಎಂದು ಕೇಳಿದಳು. ನೌಕರಿಯಲ್ಲಿದ್ದಾಗ ಯಾರಾದರೂ ಹೀಗೆ ಕೇಳಿದರೆ ತರಬೇತಿಯ ಹೆಸರು ಹೇಳುತ್ತಿದ್ದೆ. ಈಗ ಪಿಂಚಣಿ ತಿನ್ನುವವನಿಗೆ ಯಾರ ಭಯ? "ತೂಬಿನ ಮೇಲೆ ಕೂತು ಕಲಿತೆ ಕಣಮ್ಮ" ಎಂದೆ. ಸಭೆ ನಕ್ಕಿತು. ನಾನು ನಗಿಸಲು ಹೇಳಿದ್ದಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ನನಗೆ ಕಲಿಸಿದವರು ನಮ್ಮೂರ ನೀರುಗಂಟಿ. ಮಂಡ್ಯದ ಹತ್ತಿರ ಕೊತ್ತತ್ತಿ ಕಡೆಯ ಹಳ್ಳಿ ನಮ್ಮದು. ಬರೀ ಕೆರೆ ಇದ್ದ ಕಾಲದಿಂದ ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕೆಲಸ. ಕಾಲುವೆ ಬಂದ ಮೇಲೆ ಅದರಿಂದ ನೀರು ಬಿಡುವ ತೂಬಿನ ಕಾವಲೂ ಅವರ ಪಾಲಿಗೇ ಬಂತು. ಸಂಬಳ ಗಿಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ನಿಂತರೆ ಒಬ್ಬೊಬ್ಬ ಗೌಡರು ಒಂದಿಷ್ಟು ಬತ್ತ ಅಳೆದು ಹಾಕುತ್ತಿದ್ದರು, ವರ್ಷವಿಡೀ ಮನೆಮಂದಿಗೆಲ್ಲ ಅದೇ ಅನ್ನ. ಊರ ಹೊರಗಿನ ಕೇರಿಯವರು. ಮೊನ್ನೆ ಹುಟ್ಟಿದ ಹುಡುಗನೂ ಅವರನ್ನು 'ಲೋ ನೀರುಗಂಟಿ' ಎಂದು ಕರೆಯುತ್ತಿದ್ದ ಕಾಲ. ನಾವು ಹುಡುಗರು ತೂಬಿನ ಹತ್ತಿರ 'ತಾತ' ಅನ್ನುತ್ತಿದ್ದೆವು, ಊರೊಳಗೆ ದೊಡ್ಡವರ ಮುಂದೆ ಬಾಯಿ ಬದಲಾಯಿಸುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಉದ್ದನೆಯ ಒಣಕಲು ಆಸಾಮಿ. ಮೊಣಕಾಲಿಗಿಂತ ಮೇಲೆ ಕಟ್ಟಿದ ಪಂಚೆ, ಬೇಸಿಗೆಯಲ್ಲೂ ಹೆಗಲು ಬಿಡದ ಕಂಬಳಿ, ಕೈಯಲ್ಲಿ ಗುದ್ದಲಿ. ನಕ್ಕರೆ ಸದ್ದು ಬರುತ್ತಿರಲಿಲ್ಲ, ಎರಡು ಭುಜ ಮಾತ್ರ ಕುಣಿಯುತ್ತಿದ್ದವು. ಮಾತಾಡಿಸುವಾಗ ಹುಡುಗರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ನಮ್ಮ ತೂಬಿನ ಮೇಲಿನ ಗದ್ದೆಗಳದು ಕಪ್ಪು ಮಣ್ಣು, ಕೆಳಗಿನವು ಕೆಂಪು. ಕಾಲಿಗೆ ಮೆತ್ತಿದ ಕೆಸರು ನೋಡಿ, ಯಾವನು ಯಾರ ಬದುವಿನ ಮೇಲೆ ಓಡಾಡಿ ಗದ್ದೆಗೆ ನೀರು ಬಿಡುವ ಯಾವ ಮಡೆ ಒಡೆದು ಬಂದಿದ್ದಾನೆ ಅನ್ನುವುದನ್ನು ಹೇಳಿಬಿಡುತ್ತಿದ್ದರು. ಇದು ಗೊತ್ತಾದ ಮೇಲೆ ನಾನೊಮ್ಮೆ ಜಾಣತನ ಮಾಡಿ ಕಾಲುವೆಯಲ್ಲಿ ಕಾಲು ತಿಕ್ಕಿ ತಿಕ್ಕಿ ತೊಳೆದುಕೊಂಡು ಅವರ ಮುಂದೆ ಹಾದುಹೋದೆ.

"ಬಾ ಮಗ ಇಲ್ಲಿ" ಎಂದರು. "ಇಡೀ ಊರ್ನಾಗೆ ಕಾಲು ತೊಳ್ಕಂಡಿರೋ ಐದ ನೀನೊಬ್ನೆಯ. ಏನ್ ಕದ್ದೆ?"

ಕಾಲುವೆ ನೀರು ನಮ್ಮೂರಿಗೆ ಬಂದು ಆಗ ನಾಲ್ಕೈದು ವರ್ಷವಾಗಿತ್ತು ಅಷ್ಟೆ. ಅದುವರೆಗೆ ಕೆರೆ ಕೆಳಗಿನ ಒಂದಿಷ್ಟು ಗದ್ದೆ ಬಿಟ್ಟರೆ ಉಳಿದಂತೆ ರಾಗಿ, ಹುರುಳಿ ಅಂತ ಮುಗಿಲು ನೋಡಿಕೊಂಡಿದ್ದವರು ಒಮ್ಮೆಲೇ ಬತ್ತ, ಕಬ್ಬು ಎಂದು ಕುಣಿಯತೊಡಗಿದ್ದರು. ನಮ್ಮ ತೂಬಿನ ಕೆಳಗೆ ಏಳು ಗದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸರದಿಯ ಮೇಲೆ ಏಳಕ್ಕೂ ನೀರು. ಹೊತ್ತು ಮುಳುಗಿದರೆ ಮುಗಿಯಿತು, ನೀರು ಕೆಳಗಿನ ಊರಿಗೆ ತಿರುಗುತ್ತಿತ್ತು. ಗಡಿಯಾರ ಇದ್ದದ್ದು ಶಾನುಭೋಗರ ಮನೆಯಲ್ಲೊಂದು, ಅದು ನಡೆದದ್ದನ್ನು ನಾನು ಕಾಣೆ. ಹಾಗಾಗಿ ನೀರುಗಂಟಿ ತಾತ ಕಾಲುವೆ ಏರಿಯ ಮೇಲೆ ಆಳುದ್ದದ ಒಂದು ಗೂಟ ನೆಟ್ಟು, ಅದರ ನೆರಳು ಸುತ್ತುವ ದಾರಿಯಲ್ಲಿ ಆರು ಕಲ್ಲು ಇಟ್ಟಿದ್ದರು. ನೆರಳು ಒಂದು ಕಲ್ಲು ಮುಟ್ಟಿದರೆ ಒಂದು ಗದ್ದೆಯ ಮಡೆ ಕಟ್ಟಿ ಮುಂದಿನ ಗದ್ದೆಯ ಮಡೆ ಬಿಡುವುದು. ನಮ್ಮದು ಆರನೆಯ ಗದ್ದೆ. ಏಳನೆಯದು, ಕಟ್ಟಕಡೆಯದು, ಕೆಂಪವ್ವನದು. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು. ಇಡೀ ತೂಬಿಗೆ ಕೇಳುವಂಥ ಬಾಯಿ ಆಕೆಗೆ, ಮೂರು ಹೊತ್ತೂ ಗದ್ದೆಯಲ್ಲೇ ಇರುತ್ತಿದ್ದಳು.

ಆಗ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು, ಯಾರೂ ಬಾಯಿಬಿಟ್ಟು ಹೇಳದ ಪದ್ಧತಿ. ದೊಡ್ಡವರು ನೀರು ಕದ್ದು ಸಿಕ್ಕಿಬಿದ್ದರೆ ಪಂಚಾಯ್ತಿ, ಜಗಳ, ಮಾನಾಪಮಾನ. ಹತ್ತು ವರ್ಷದ ಹುಡುಗ ಸಿಕ್ಕಿಬಿದ್ದರೆ "ಹುಡುಗಾಟ ಕಣಪ್ಪ" ಎಂದು ನಗುವುದು. ಹಾಗಾಗಿ ಕದಿಯುವ ಕೆಲಸವೆಲ್ಲ ಮನೆಯ ಹುಡುಗರಿಗೆ ಬಿತ್ತು. ಯಾವ ಅಪ್ಪನೂ ಹೋಗಿ ಕದಿ ಅನ್ನುತ್ತಿರಲಿಲ್ಲ. ಶಾಲೆಯಲ್ಲಿ ಬಳಪ ಕದ್ದರೆ ಚರ್ಮ ಸುಲಿಯುತ್ತಿದ್ದರು. ನೀರಿನ ಮಾತು ಬಂದಾಗ ಮಾತ್ರ ಮುದ್ದೆ ಮುರಿಯುತ್ತಾ, ಗೋಡೆಗೆ ಹೇಳಿದ ಹಾಗೆ ಏನಾದರೊಂದು ಅನ್ನುತ್ತಿದ್ದರು. ಗೋಡೆಗೆ ಕಿವಿ ಇರಲಿಲ್ಲ, ನಮಗಿತ್ತು.

ಸಿಕ್ಕಿಬಿದ್ದ ಹುಡುಗನನ್ನು ತಾತ ಹೊಡೆಯುತ್ತಿರಲಿಲ್ಲ. "ಮುಟ್ಟಂಗಿಲ್ವಲ್ಲಪ್ಪ ನಿಮ್ಮನ್ನ. ಮುಟ್ಟದೆ ಬಡಿಯೋದ ನಂಗ್ಯಾರೂ ಕಲಿಸಿಲ್ಲ" ಎಂದು ಭುಜ ಕುಣಿಸುತ್ತಿದ್ದರು. ಬೈಯುತ್ತಲೂ ಇರಲಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಮೊದಲು ಕೇಳುವ ಮಾತು ಒಂದೇ.

"ಬೆಳಿಗ್ಗೆ ಏನುಂಡೆ ಮಗ?"

ಇದೇನು ಪ್ರಶ್ನೆ ಎಂದು ನಮಗೆ ನಗು. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಬೋರ ಅಂತ ನನ್ನ ಜೊತೆಯ ಹುಡುಗ, ಮೂರನೆಯ ಗದ್ದೆಯವರ ಮಗ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗುವ ಗಾಡಿಗಳಿಂದ ಕಬ್ಬು ಎಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಬ್ಬು ನಾವೆಲ್ಲ ಎಳೆಯುತ್ತಿದ್ದೆವು, ಗಾಡಿಯವರೂ ಒಂದೆರಡು ಜಲ್ಲೆಗೆ ಕಣ್ಣು ಮುಚ್ಚುತ್ತಿದ್ದರು. ಬೋರ ಎಳೆದರೆ ಹೊರೆಯೇ ಸಡಿಲವಾಗುತ್ತಿತ್ತು. ಒಂದು ದಿನ ಗಾಡಿಯವನು ಅವನ ಜುಟ್ಟು ಹಿಡಿದು ತಾತನ ಮುಂದೆ ತಂದು ನಿಲ್ಲಿಸಿದ. ಏನುಂಡೆ ಎಂದು ಕೇಳಿದರೆ ಬೋರ ನೆಲ ನೋಡಿದ. ಅವನ ಅವ್ವ ಸತ್ತು ಚಿಕ್ಕವ್ವ ಬಂದಿದ್ದಳು, ಬೆಳಗಿನ ಹೊತ್ತು ಅವನಿಗೆ ಏನೂ ಸಿಗುತ್ತಿರಲಿಲ್ಲ. ತಾತ ಗಾಡಿಯವನಿಗೆ, "ಈ ಐದ ಕಳ್ಳ ಅಲ್ಲ ಕಣಣ್ಣ, ಅಸಿದವ್ನೆ" ಎಂದರು. ಮಾರನೆಯ ದಿನ ನಮ್ಮ ಮನೆಗೆ ಬಂದು ಅಂಗಳದಲ್ಲೇ ನಿಂತು ನನ್ನವ್ವನ ಹತ್ತಿರ ಅದೇನು ಹೇಳಿದರೋ, ಅಂದಿನಿಂದ ಬೋರ ಶಾಲೆಗೆ ಹೋಗುವ ಮುಂಚೆ ನಮ್ಮ ಗದ್ದೆಯ ಗುಬ್ಬಿ ಓಡಿಸಿ ನಮ್ಮಲ್ಲೇ ತಂಗಳು ಉಣ್ಣತೊಡಗಿದ. ಗಾಡಿಗಳ ತಂಟೆ ತಾನಾಗಿ ನಿಂತಿತು. ನಾನು ಮುಂದೆ ಬಾಲಕರ ಗೃಹದಲ್ಲಿ ಎಷ್ಟೋ ಸಾವಿರ ಹುಡುಗರ ಮುಂದೆ ಕೂತೆ. ನಮೂನೆಯಲ್ಲಿ ಏನೇ ಇರಲಿ, ಬಾಯಲ್ಲಿ ಮೊದಲು ಬರುತ್ತಿದ್ದದ್ದು ಇದೇ ಪ್ರಶ್ನೆ. ಮೇಲಧಿಕಾರಿಗಳು ನನ್ನನ್ನು ಅಡುಗೆಭಟ್ಟ ಎಂದು ಆಡಿಕೊಂಡರು, ಆಡಿಕೊಳ್ಳಲಿ.

ಹೊಟ್ಟೆ ತುಂಬಿದ್ದೂ ಕದ್ದವನಿಗೆ ಬೇರೆ ಮದ್ದು. "ಎಷ್ಟ್ ಒತ್ತು ನೀರು ಕದ್ದೆ? ಎರಡು ಬೆರಳಾ? ಸರಿ. ನೆರಳು ಎರಡು ಬೆರಳು ಸರಿಯೋಗಂಟ ಗೂಟದ ತಾವ ಕೂತ್ಕೊ. ಒತ್ತು ಅಂದ್ರೆ ಎಷ್ಟಾಯ್ತದೆ ನೋಡು" ಎನ್ನುತ್ತಿದ್ದರು. ಅಯ್ಯೋ, ಆ ಎರಡು ಬೆರಳಿನ ಹೊತ್ತು ನಮ್ಮ ಶತ್ರುವಿಗೂ ಬೇಡ. ನೋಡುತ್ತಿದ್ದರೆ ನೆರಳು ಅಲ್ಲಾಡುವುದೇ ಇಲ್ಲ, ಬೇರೆ ಕಡೆ ನೋಡಿದರೆ ಓಡಿಬಿಟ್ಟಿರುತ್ತದೆ. ಬೇಜಾರಾಗಿ ಅಳುವ ಹಾಗಾದಾಗ ಒಂದು ತುಂಡು ಕಬ್ಬು ಎಸೆಯುತ್ತಿದ್ದರು. "ಕಬ್ಬಿಗೆ ಮೈಲಿಗೆ ಇಲ್ಲ, ನೀನೇ ಸಿಪ್ಪೆ ಸುಲ್ಕೊ" ಎನ್ನುತ್ತಿದ್ದರು. ಅದಾದ ಮಾರನೆಯ ದಿನವೇ ಆ ಹುಡುಗನನ್ನು ಕರೆದು, "ನಾನು ಉಂಡು ಬತ್ತೀನಿ, ಗೂಟ ನೋಡ್ಕೊ" ಎಂದು ಹೊರಟುಬಿಡುತ್ತಿದ್ದರು. ನಿನ್ನೆ ಕದ್ದವನ ಕೈಗೆ ಇವತ್ತು ಕಾವಲು. ದೊಡ್ಡವರಿಗೆ ಇದು ಹುಚ್ಚು ಅನ್ನಿಸುತ್ತಿತ್ತು. ಆದರೆ ಆ ಹುಡುಗನ ಬಿಗಿ ನೋಡಬೇಕಿತ್ತು ನೀವು. ಎರಡನೆಯ ಗದ್ದೆಯ ಚನ್ನ ಹೀಗೆ ಕಾವಲು ಕೂತ ದಿನ ಅವನ ಸ್ವಂತ ತಾತ ಬಂದು, ಇನ್ನೊಂಚೂರು ಬಿಡಲಾ ಎಂದು ಹಲ್ಲು ಗಿಂಜಿದರೆ, "ನೀನೇನು ಮ್ಯಾಲಿಂದ ಇಳ್ದು ಬಂದಿದ್ದೀಯಾ? ಮಡೆ ಕಟ್ಟು" ಎಂದು ಗದರಿಸಿದ್ದ. ಮುದುಕ ಅದನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದದ್ದು ಕೆಟ್ಟದ್ದು ಒಂದು ಜ್ವರದಿಂದ. ಕಾಲುವೆ ಬಂದಾಗ ನೀರಿನ ಜೊತೆ ಸೊಳ್ಳೆಯೂ ಬಂದಿತ್ತು. ವರ್ಷಕ್ಕೊಮ್ಮೆ ಮನೆಮನೆಗೂ ಚಳಿಜ್ವರ. ನನಗಾಗ ಹನ್ನೊಂದು ವರ್ಷ. ಆ ಸಲ ತಾತ ಮಲಗಿಬಿಟ್ಟರು, ಕ್ವಿನೈನ್ ನುಂಗಿಕೊಂಡು ಐದು ದಿನ. ಮಲಗುವ ಮುಂಚೆ ನಮ್ಮನ್ನೆಲ್ಲ ಕರೆದು, "ಗೂಟ ನಿಮ್ಮದು ಕಣ್ರಪ್ಪ" ಎಂದಿದ್ದರು. ಎರಡನೆಯ ದಿನವೋ ಮೂರನೆಯ ದಿನವೋ, ಅಪ್ಪ ಉಣ್ಣುತ್ತಾ ಗೋಡೆಗೆ ಹೇಳಿದ, "ಆ ಕಲ್ಲು ನಾಕ್ ಬೆರಳು ಅತ್ಲಾಗಿದ್ದಿದ್ರೆ ನಮ್ ಗದ್ದೆ ತುಂಬ್ಕಂಬುಡೋದು." ನನ್ನಣ್ಣ ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಏನು ಮಾಡಿದರೂ ಅಪ್ಪನಿಂದ ಭೇಷ್ ಅನ್ನಿಸಿಕೊಳ್ಳುವವನು. ಒಮ್ಮೆಯಾದರೂ ಆ ಭೇಷ್ ನನಗೆ ಬೇಕಿತ್ತು. ಹೋಗಿ ನಮ್ಮ ಕಲ್ಲನ್ನು ನಾಲ್ಕು ಬೆರಳು ಸರಿಸಿದೆ. ನಮ್ಮ ಗದ್ದೆ ತುಂಬಿತು. ಅಪ್ಪ ನನ್ನ ಬೆನ್ನ ಮೇಲೊಂದು ಸಲ ತಟ್ಟಿ ಹೋದ. ಅಷ್ಟಕ್ಕೇ ನಾನು ಆನೆ ಮೇಲೆ ಕೂತಿದ್ದೆ.

ಆನೆಯಿಂದ ಇಳಿಸಿದವಳು ಕೆಂಪವ್ವ. ನಾಟಿಗೆಂದು ಸಸಿ ಬಿಟ್ಟುಕೊಂಡಿದ್ದ ಆಕೆಯ ಒಟ್ಟಲ ಪೈರು ನೀರಿಲ್ಲದೆ ಹಳದಿ ತಿರುಗಿ ಮಲಗಿತು. ಆಕೆ ಸೆರಗು ಸಿಕ್ಕಿಸಿಕೊಂಡು ಸೀದಾ ಕಾಲುವೆಯ ಓವರ್ಸಿಯರ ಹತ್ತಿರ ಹೋಗಿ ದೂರು ಕೊಟ್ಟಳು. ನೀರುಗಂಟಿ ಜ್ವರದ ನೆಪ ಹೇಳಿ ಆಕೆಯ ಪಾಲಿನ ನೀರನ್ನು ಮೇಲಿನ ಗೌಡರಿಗೆ ಮಾರಿಕೊಂಡಿದ್ದಾನೆ ಎಂದು.

ಮೂರು ದಿನ ಬಿಟ್ಟು ಓವರ್ಸಿಯರು ಸೈಕಲ್ ಮೇಲೆ ಬಂದರು. ಹೊತ್ತು ಇಳಿದು ನೆರಳು ಪೂರ್ವಕ್ಕೆ ಉದ್ದವಾಗಿತ್ತು. ಏರಿಯ ಮೇಲೆ ಊರೆಲ್ಲ ಸೇರಿತ್ತು. ಗೌಡರು ಒಂದು ಕಡೆ, ಹುಡುಗರು ಅವರವರ ಅಪ್ಪಂದಿರ ಪಕ್ಕ, ದೂರದಲ್ಲಿ ಕೇರಿಯ ಜನ. ಶಾನುಭೋಗರು ಕಾಗದ ಬಿಚ್ಚಿಕೊಂಡು ತೂಬಿನ ಕಟ್ಟೆಯ ಮೇಲೆ ಕೂತಿದ್ದರು. ತಾತ ಇನ್ನೂ ನಡುಗುತ್ತಿದ್ದರು, ಕಂಬಳಿ ಬಿಗಿಯಾಗಿ ಸುತ್ತಿಕೊಂಡಿದ್ದರು.

"ನೀರು ಮಾರಿದೆಯಾ?" ಓವರ್ಸಿಯರು ಕೇಳಿದರು.

"ಇಲ್ಲ ಬುದ್ಧಿ. ಕಲ್ಲು ಸರಿಸವ್ರೆ."

"ಯಾರು?"

"ಐಕ್ಳು."

"ಯಾರ ಮಗ? ಹೆಸರು ಹೇಳು. ಮಂಡ್ಯದ ಸ್ಟೇಷನ್ನಿಗೆ ಕಳಿಸ್ತೀನಿ, ನಾಲ್ಕು ಬಿದ್ದರೆ ಎಲ್ಲ ಸರಿಹೋಗತ್ತೆ. ಹೆಸರು ಹೇಳದೆ ಹೋದರೆ ನೀನೇ ಮಾರಿದೆ ಅಂತ ಬರೀತೀನಿ. ನಾಳೆಯಿಂದ ಈ ತೂಬಿಗೆ ಬೇರೆಯವನು ಬರ್ತಾನೆ."

ನನಗೆ ಗೊತ್ತಿತ್ತು, ತಾತನಿಗೆ ಎಲ್ಲ ಗೊತ್ತು. ಕಾಲು ನೋಡಿಯೇ ಹೇಳುವ ಮನುಷ್ಯ, ಕಲ್ಲು ನೋಡಿ ಹೇಳಲಾರರೇ? ಇನ್ನೊಂದು ಕ್ಷಣಕ್ಕೆ ನನ್ನ ಹೆಸರು ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಎಸರ ನಾನ್ ಯೋಳಾಕಿಲ್ಲ ಬುದ್ಧಿ" ಎಂದರು ತಾತ. "ಅವ್ನೇ ಎದ್ದು ನಿಂತ್ಕತಾನೆ. ನೆರಳು ಅಕಾ ಆ ಕೊನೇ ಕಲ್ಲು ಮುಟ್ಟೋಗಂಟ ಟೇಮ್ ಕೊಡಿ. ಅಷ್ಟೊತ್ತಿಗೂ ಯಾರೂ ನಿಂತ್ಕಳದೆ ಓದ್ರೆ ನನ್ನೆಸ್ರೇ ಬರ್ಕಳಿ, ಎಬ್ಬೆಟ್ಟು ಒತ್ತಿ ಓಯ್ತೀನಿ."

ಓವರ್ಸಿಯರಿಗೆ ತಮಾಷೆ ಅನ್ನಿಸಿರಬೇಕು. ಗೌಡರ ಮನೆಯ ಮಜ್ಜಿಗೆಯೂ ಬಂದಿತ್ತು. ಸರಿ ಎಂದು ಹ್ಯಾಟು ತೆಗೆದು ಹೊಂಗೆ ಮರದ ಕೆಳಗೆ ಕೂತರು. ತಾತ ಗೂಟದ ಹತ್ತಿರ ಹೋಗಿ, ನಮ್ಮೆಲ್ಲರ ಕಡೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತರು. ಕೊನೆಯ ಕಲ್ಲು ಅಂದರೆ ನಮ್ಮ ಕಲ್ಲು. ನೆರಳಿಗೂ ಅದಕ್ಕೂ ಅಂಗೈ ಅಗಲ ಉಳಿದಿತ್ತು. ಊರಿಗೆ ಊರೇ ಒಂದು ನೆರಳು ನೋಡುತ್ತಾ ಕೂತದ್ದು ಅದೇ ಮೊದಲು, ಅದೇ ಕೊನೆ. ಕಂಬಳಿಯೊಳಗೆ ಆ ಬೆನ್ನು ನಡುಗುವುದು ಕಾಣುತ್ತಿತ್ತು. ಒಂದು ಸಲವಾದರೂ ತಿರುಗಿ ನೋಡಿದ್ದರೆ ನಾನು ಕಲ್ಲಾಗಿ ಕೂತುಬಿಡುತ್ತಿದ್ದೆನೋ ಏನೋ. ಅವರು ತಿರುಗಲಿಲ್ಲ. ನೆರಳು ಮೂರು ಬೆರಳು ದೂರ ಬಂತು, ಎರಡು ಬೆರಳು ಬಂತು. ಅಪ್ಪ ಪಕ್ಕದಲ್ಲಿ ಹುಲ್ಲು ಕಿತ್ತು ಕಿತ್ತು ಹಾಕುತ್ತಿದ್ದ. ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ಆ ಕಡೆಯಿಂದ ಬೋರ ಎದ್ದು ನಿಂತ.

"ನಾನು ಕಣ್ ತಾತ. ಎರಡು ಬೆರಳು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಕಳ್ಳತನವನ್ನು ಇವನು ಯಾಕೆ ಹೊತ್ತುಕೊಳ್ಳುತ್ತಾನೆ? ನಮ್ಮ ಮನೆಯ ತಂಗಳು ಉಂಡ ಋಣಕ್ಕೆ ನನ್ನನ್ನು ಉಳಿಸಲು ನಿಂತಿದ್ದಾನೆ ಎಂದುಕೊಂಡು ಧಡಕ್ಕನೆ ಎದ್ದೆ. "ಸುಳ್ಳು. ಅವ್ನಲ್ಲ, ನಾನು. ನಾಕ್ ಬೆರಳು" ಎಂದೆ. ಬಾಯಿ ಮುಚ್ಚುವ ಮುಂಚೆ ಚನ್ನ ಎದ್ದ. "ನಂದು ಮೂರು ಐತೆ." ಅವನ ಹಿಂದಿನಿಂದ ಮೊದಲನೆಯ ಗದ್ದೆಯ ಪುಟ್ಟಸ್ವಾಮಿ, ಎಂಟು ವರ್ಷದ್ದು, ಮೂಗು ಸುರಿಸಿಕೊಂಡು ಅಳುತ್ತಾ ಎದ್ದು ನಿಂತಿತು. "ನಂದು ಒಂದೇ ಕಣ್ರಪ್ಪೋ, ಒಂದೇ ಬೆರಳು."

ಎಲ್ಲರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಬೋರನೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಒಬ್ಬೊಬ್ಬನೂ ತಾನೊಬ್ಬನೇ ಕಳ್ಳ ಎಂದುಕೊಂಡು ಒಂದು ವಾರ ಅನ್ನ ಬಿಟ್ಟಿದ್ದೆವು. ಮೇಲಿನವನು ಸರಿಸಿದ್ದಕ್ಕೆ ಕೆಳಗಿನವನ ನೀರು ಕಡಿಮೆಯಾಗಿ, ಕೆಳಗಿನವನ ಅಪ್ಪ ಗೋಡೆಗೆ ಹೇಳಿ, ಅವನು ತನ್ನ ಕಲ್ಲು ಸರಿಸಿ, ಹೀಗೆ ತಳ್ಳುತ್ತಾ ತಳ್ಳುತ್ತಾ ಎಲ್ಲವೂ ಹೋಗಿ ಬಿದ್ದದ್ದು ಕಟ್ಟಕಡೆಯ ಗದ್ದೆಯ ಮೇಲೆ. ಕೆಂಪವ್ವನ ಮನೆಯಲ್ಲಿ ಕಲ್ಲು ಸರಿಸಲು ಹುಡುಗರೇ ಇರಲಿಲ್ಲ.

ಕೆಂಪವ್ವ ಬೆರಳು ಮಡಚುತ್ತಾ ಲೆಕ್ಕ ಹಾಕಿದಳು. "ಎರಡು, ನಾಕು, ಮೂರು, ಒಂದು. ಅಯ್ಯೋ ನಿಮ್ಮ, ಎರಡು ಕೈಯೂ ಮುಗುದೋಯ್ತಲ್ರಲಾ. ನನ್ ಒಟ್ಲು ಒಣಗ್ದೆ ಇನ್ನೇನಾದದು?"

"ಎಲ್ಲರ ಹೆಸರೂ ಬರ್ಕೊಳ್ಳಿ" ಎಂದರು ಓವರ್ಸಿಯರು. ಶಾನುಭೋಗರು ಮಸಿಯಲ್ಲಿ ಲೇಖನಿ ಅದ್ದಿದರು.

ತಾತ ಆಗ ಎದ್ದು ನಮ್ಮ ಕಡೆ ತಿರುಗಿದರು. "ಬರ್ಕಳಿ ಬುದ್ಧಿ. ಬರೆಯೋಕ್ಮುಂಚೆ ಒಂದ್ ಮಾತು ಕೇಳಿ. ಕಲ್ಲು ಎಷ್ಟ್ ಬೆರಳು ಸರಿದ್ರೆ ಯಾವ್ ಗದ್ದೆ ತುಂಬ್ತದೆ ಅನ್ನೋ ಲೆಕ್ಕವ ಈ ಐಕ್ಳು ಇಸ್ಕೂಲ್ನಾಗೆ ಕಲ್ತ್ರಾ?"

ಗೌಡರೆಲ್ಲ ತಮ್ಮ ತಮ್ಮ ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು. ಶಾನುಭೋಗರ ಲೇಖನಿಯಿಂದ ಕಾಗದದ ಮೇಲೆ ಒಂದು ತೊಟ್ಟು ಮಸಿ ಬಿತ್ತು. ಆಗ ನನ್ನ ಪಕ್ಕದಲ್ಲಿ ಅಪ್ಪ ಎದ್ದ. ಪಂಚೆಗೆ ಹತ್ತಿದ ಹುಲ್ಲು ಕೊಡವಿಕೊಂಡ. ಊರಲ್ಲಿ ಯಾರಿಗೂ ತಲೆ ತಗ್ಗಿಸದ ಮನುಷ್ಯ ಅವನು.

"ಇವನ ಎಸ್ರು ಬ್ಯಾಡಿ ಸ್ವಾಮಿ, ನಂದು ಬರ್ಕಳಿ. ನಾಕ್ ಬೆರಳು ಅಂದೋನು ನಾನೆಯ" ಎಂದ.

ನಾನು ನನ್ನ ಬದುಕಿನಲ್ಲಿ ಕೇಳಿದ ದೊಡ್ಡ ಮಾತು ಅದು. ಅಪ್ಪನ ಮೇಲೆ ಅವತ್ತು ಹುಟ್ಟಿದ ಪ್ರೀತಿ ಇವತ್ತಿಗೂ ಇಳಿದಿಲ್ಲ. ಅವನು ಎದ್ದ ಮೇಲೆ ಉಳಿದವರು ಕೂತಿರುವುದು ಹೇಗೆ? ಚನ್ನನ ಅಪ್ಪ ಎದ್ದ, ಬೋರನ ಅಪ್ಪ ಗೊಣಗಿಕೊಂಡು ಎದ್ದ, ಪುಟ್ಟಸ್ವಾಮಿಯನ್ನು ಅವರಪ್ಪ ಎತ್ತಿ ಹೆಗಲಿಗೆ ಹಾಕಿಕೊಂಡ. ಓವರ್ಸಿಯರು ಒಂದು ಸಲ ಎಲ್ಲರನ್ನೂ ನೋಡಿ ಹ್ಯಾಟು ಹಾಕಿಕೊಂಡರು. "ನಾನು ಕಾಲುವೆ ನೋಡೋಕೆ ಬಂದವನು ಕಣ್ರಯ್ಯ, ನಿಮ್ಮ ಸಂಸಾರ ನೋಡೋಕಲ್ಲ. ಕೆಂಪಮ್ಮ, ಇವನ ಮೇಲೆ ದೂರು ಇದೆಯಾ?"

"ನೀರುಗಂಟಿ ಮ್ಯಾಲೆ ಏನೂ ಇಲ್ಲ ಸ್ವಾಮಿ" ಎಂದಳು ಕೆಂಪವ್ವ. "ನನ್ ಅತ್ತು ಬೆರಳು ನಂಗೆ ಕೊಡ್ಸಿ."

ಶಾನುಭೋಗರು ಕಾಗದ ಹರಿದು ಕಾಲುವೆಗೆ ಬಿಟ್ಟರು. ಮನೆಗೆ ಬಂದ ಮೇಲೆ ಹೊಡೆತ ಬೀಳುತ್ತದೆ ಎಂದು ನಾನು ಬೆನ್ನು ಗಟ್ಟಿಮಾಡಿಕೊಂಡಿದ್ದೆ. ಅಪ್ಪ ಅವ್ವನನ್ನು ಕರೆದು, "ಇವ್ನ ತಟ್ಟೆಗೆ ತುಪ್ಪ ಆಕು" ಎಂದ.

ಮಾರನೆಯ ದಿನದಿಂದ ನಾವು ನಾಲ್ವರೂ ಸೇರಿ ಕೆಂಪವ್ವನ ಸಾಲ ತೀರಿಸಿದೆವು. ಎಷ್ಟು ನಿಷ್ಠೆಯಿಂದ ಎಂದರೆ, ಮೂರನೆಯ ದಿನ ಆಕೆ ಕುಡುಗೋಲು ಹಿಡಿದುಕೊಂಡು ತೂಬಿಗೇ ಬಂದಳು. "ನಿಲ್ಲಿಸ್ರಲಾ ನಿಮ್ ನೀರ, ಮಿಕ್ಕಿದ ಪೈರೂ ಕೊಚ್ಕಂಡೋಯ್ತದೆ. ಕದ್ರೂ ಕಷ್ಟ ಕೊಟ್ರೂ ಕಷ್ಟ ನಿಮ್ ಕೈಲಿ." ತಾತನ ಭುಜ ಬಹಳ ಹೊತ್ತು ಕುಣಿಯಿತು. ಆಕೆ ಆಮೇಲೆ ಸ್ವಲ್ಪ ನಿಂತು, ತಾತನ ಕಡೆ ನೋಡದೆ, "ತೆಪ್ಪಾಯ್ತು ಕಣಣ್ಣ" ಎಂದು ಹೇಳಿ ಹೋದಳು.

ಆಮೇಲೆ ನಾನು ಮಂಡ್ಯದ ಹೈಸ್ಕೂಲು, ಮೈಸೂರಿನ ಕಾಲೇಜು ಎಂದು ಊರಿಂದ ದೂರವಾದೆ. ಸ್ವಾತಂತ್ರ್ಯ ಬಂದ ವರ್ಷ ರಜಕ್ಕೆ ಬಂದಾಗ, ತಾತ ಗುದ್ದಲಿಯನ್ನು ಅಳಿಯನ ಕೈಗೆ ಕೊಟ್ಟು ಮನೆಯಲ್ಲೇ ಇದ್ದಾರೆ ಎಂದು ತಿಳಿಯಿತು. ಅಣ್ಣ ಮಂಡ್ಯದ ಸಾಬರ ಅಂಗಡಿಯಿಂದ ಬಾಡಿಗೆ ಸೈಕಲ್ ತಂದಿದ್ದ. ಇಬ್ಬರೂ ಅದರ ಮೇಲೆ ಕೇರಿಗೆ ಹೋದೆವು. ತಾತನ ಕಣ್ಣು ಮಂಜಾಗಿತ್ತು, ನಮ್ಮ ಕಾಲು ನೋಡುವುದಕ್ಕೂ ಬಗ್ಗಬೇಕಾಗಿತ್ತು. ನಾವು ಅವರ ಜಗಲಿಯ ಮೇಲೆ ಕೂತದ್ದು ನೋಡಿ, "ಯಾರಾರು ನೋಡ್ಬುಟ್ಟಾರು ಕಣಪ್ಪ" ಎಂದರು. "ನೋಡ್ಲಿ ಬುಡು ತಾತ" ಎಂದೆ.

ಎಂಟು ವರ್ಷ ನನ್ನ ಹೊಟ್ಟೆಯಲ್ಲಿದ್ದ ಪ್ರಶ್ನೆ ಕೇಳಿದೆ. "ಅವತ್ತು ಕಲ್ಲು ಸರಿಸಿದ್ದು ನಾನು ಅಂತ ನಿಂಗೆ ಗೊತ್ತಿತ್ತು ಅಲ್ವಾ?"

"ನಂಗೆಲ್ಲಿ ಗೊತ್ತಿತ್ತು? ಜರ ಬಂದು ಬಿದ್ದಿದ್ದೆ. ಐದು ಕಲ್ಲು ಸರಿದವೆ, ಅದ್ರಾಗೊಂದು ಎರಡು ಸಲ ಸರಿದದೆ ಅಂತ ಗೊತ್ತಾಯ್ತು, ಅಷ್ಟೆಯ. ಆರ್ ಜನದ ಕೈ ಇರ್ಬೇಕು ಅನ್ಕಂಡೆ. ಅನ್ಕಂಡಿದ್ದಕ್ಕೆಲ್ಲ ಯಾರಾರ ಎಸ್ರು ಯೋಳಕಾಯ್ತದಾ?"

"ಯಾರೂ ಎದ್ದು ನಿಲ್ಲದೆ ಇದ್ದಿದ್ರೆ?"

"ಇನ್ನೇನು, ಕೆಲ್ಸ ಓಗದು. ಕಬ್ಬು ಕಡಿಯಕ್ ಓಗ್ತಿದ್ದೆ."

"ಅಷ್ಟು ಧೈರ್ಯ ಹೆಂಗೆ ಬಂತು ನಿಂಗೆ?"

"ದೈರ್ಯ ಎಲ್ಲಿ ಬಂತು? ಬೆನ್ನು ಆ ಪಾಟಿ ನಡುಗ್ತಿತ್ತಲ್ಲ, ಜರ ಅನ್ಕಂಡ್ರಾ ನೀವು?" ಎಂದು ಭುಜ ಕುಣಿಸಿದರು. "ದಿನಾ ಗೂಟ ಕಾಯೋಕೆ ಬುಟ್ಟಿದ್ದೆ ನಿಮ್ಮನ್ನ. ಅವತ್ತೊಂದಿನ ನನ್ನನ್ನ ಕಾದಾರು ಅನ್ಕಂಡೆ. ನಾಕ್ ಜನ ಎದ್ರಿ. ಇನ್ನಿಬ್ರು ಕೂತೇ ಅವ್ರೆ."

"ಯಾರು ಅವರಿಬ್ಬರು?"

"ಅದ ನಾನ್ಯಾಕೆ ಕೇಳ್ಲಿ? ಅವರಿಗೆ ಇನ್ನೂ ಒತ್ತು ಮುಳುಗಿಲ್ಲ ಬುಡು."

ಅಣ್ಣ ಯಾಕೋ ಎದ್ದು ಸೈಕಲ್ಲಿನ ಚೈನು ನೋಡತೊಡಗಿದ.

ಆ ಇಬ್ಬರಲ್ಲಿ ಒಬ್ಬ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಾತ ಹೋಗಿ ಬಹಳ ವರ್ಷವಾಯಿತು, ಅವನು ಬದುಕಿದ್ದರೆ ನನ್ನಂತೆಯೇ ಹಲ್ಲಿಲ್ಲದ ಮುದುಕ. ಇದು ಅವನ ಕಣ್ಣಿಗೆ ಬಿದ್ದರೆ ನನಗೊಂದು ಕಾರ್ಡು ಹಾಕಲಿ, ನಾನು ಬೈಯುವುದಿಲ್ಲ.

ಇನ್ನೊಬ್ಬನ ವಿಷಯ ಬೇರೆ. ಕೇರಿ ದಾಟಿ ಏರಿಯ ಮೇಲೆ ಅರ್ಧ ಫರ್ಲಾಂಗು ಬಂದಿದ್ದೆವು. ಸೈಕಲ್ಲಿಗೆ ಬ್ರೇಕು ಇರಲಿಲ್ಲ, ಅಣ್ಣ ಕಾಲು ಊರಿ ಎಳೆದು ನಿಲ್ಲಿಸಿದ.

"ಇಳಿಲಾ" ಎಂದ.

"ಯಾಕ್ಲಾ?"

"ನಿಂಗಿಂತ ಮುಂಚೆ ನಾನೂ ಸರಿಸಿದ್ದೆ ಕಣ್ಲಾ ಆ ಕಲ್ಲ. ಎರಡು ಬೆರಳು. ಅಪ್ಪ ಎದ್ದು ನಿಂತ್ಮೇಲೆ ನಾನೂ ನಿಂತ್ರೆ ಅಪ್ಪನ ಮಾನ ಓಯ್ತದೆ ಅಂತ ಕೂತಿದ್ದೆ." ಹ್ಯಾಂಡಲ್ ಸವರಿದ. "ಅಲ್ಲ. ಎದ್ರಿಕೆ ಆಗಿತ್ತು ಅಷ್ಟೆಯ."

ನಾನು ಏನಾದರೂ ಹೇಳುವ ಮುಂಚೆ ಸೈಕಲ್ ತಿರುಗಿಸಿಕೊಂಡು ಹೋಗೇಬಿಟ್ಟ. ಅಷ್ಟು ದೂರದಿಂದ ಮಾತು ಕೇಳಿಸಲಿಲ್ಲ. ಆ ಜಗಲಿ ಮಾತ್ರ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷದ, ಮೀಸೆ ಬಂದ ನನ್ನಣ್ಣ ಶಾಲೆಯ ಹುಡುಗನ ಹಾಗೆ ಕೈಕಟ್ಟಿಕೊಂಡು ತಾತನ ಮುಂದೆ ನಿಂತಿದ್ದ. ಬಹಳ ಹೊತ್ತಾದ ಮೇಲೆ ವಾಪಸು ಬಂದ. ಕಣ್ಣು ಕೆಂಪಾಗಿತ್ತು, ಬಾಯಲ್ಲಿ ಕಬ್ಬು ಇತ್ತು. ನನಗೂ ಒಂದು ತುಂಡು ಕೊಟ್ಟ.

"ಏನಂದ್ರು?" ಎಂದೆ.

"ಬೆಳಿಗ್ಗೆ ಏನುಂಡೆ ಮಗ ಅಂದ್ರು."